ಎಮಿಬಾಯಿಗೆ ಹಸಿವಾದ ದಿನ

ಆ ದಿನ ಎಮಿಬಾಯಿಯ ಕಾಲುಗಳನ್ನು ಹಿಡಿದುಕೊಂಡವಳು ನಾನು. ಭಾನುವಾರದ ಪೂಜೆ ಮುಗಿದು ನಮ್ಮ ಇಗರ್ಜಿಯ ಮೆಟ್ಟಿಲ ಮೇಲೆ ಜನ ನಿಂತು ಮಾತಾಡುವಾಗ, "ಕರೆಂಟ್ ಕೊಟ್ಟು ಆ ಹೆಣ್ಣನ್ನು ಕೊಂದೇಬಿಡುತ್ತಿದ್ದರಂತೆ" ಎಂದು ಯಾರಾದರೂ ಅಂದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಹೇಳುವವರು ಆ ಕೋಣೆಯಲ್ಲಿ ಇರಲಿಲ್ಲ. ನಾನಿದ್ದೆ. ನನ್ನ ಅಂಗೈಗಳಿಗೆ ಇನ್ನೂ ಅದರ ನೆನಪಿದೆ. ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿರುವಾಗ ಒಮ್ಮೊಮ್ಮೆ ಚಾಕ್ ಹಿಡಿದ ಕೈ ಬಿಗಿದುಕೊಳ್ಳುತ್ತದೆ. ಹುಡುಗಿಯರು "ಟೀಚರ್, ಎಂತ ಆಯ್ತು?" ಎನ್ನುತ್ತಾರೆ. ಏನೂ ಇಲ್ಲ ಎನ್ನುತ್ತೇನೆ. ಏನಾಗಿತ್ತು ಎಂಬುದನ್ನು ಇಲ್ಲಿ ಬರೆಯುತ್ತೇನೆ. ಬರೆಯಬೇಡ ಅಂದವರು ಇದ್ದಾರೆ. ಅವರಿಗಾಗಿಯೂ ಬರೆಯುತ್ತಿದ್ದೇನೆ.

ಎಮಿಬಾಯಿ ನನ್ನ ಅಕ್ಕ. ಹೆಸರು ಎಮಿಲ್ಡಾ. ಅಪ್ಪ ತೀರಿಹೋದ ಮೇಲೆ ಕೊಡಿಯಾಲ್‌ಬೈಲಿನ ಹೆಂಚಿನ ಮನೆಯಲ್ಲಿ ಉಳಿದವರು ಮೂವರು: ಅಮ್ಮ, ಅಕ್ಕ, ನಾನು. ಅಮ್ಮನನ್ನು ನಾವು ಮಾಯ್ ಎಂದು ಕರೆಯುತ್ತೇವೆ. ಮನೆಮಾತು ಕೊಂಕಣಿ. ಅಕ್ಕ ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದಳು, ಇಗರ್ಜಿಯಲ್ಲಿ ಹಾಡುತ್ತಿದ್ದಳು. ಜೋರು ನಗು ಅವಳದು. ಬೀದಿಯ ತುದಿಯಲ್ಲಿ ಅಂಗಡಿಯಿಟ್ಟಿದ್ದ ಹಸನಬ್ಬ ಕಾಕ, "ಟೀಚರಮ್ಮ ನಕ್ಕರೆ ನಮ್ಮ ತಕ್ಕಡಿ ಅಲ್ಲಾಡ್ತದೆ ಮಾರಾಯ್ರೇ" ಎನ್ನುತ್ತಿದ್ದರು.

ಆ ನಗು ಯಾವ ದಿನ ನಿಂತಿತೋ ನಮಗೆ ತಿಳಿಯಲಿಲ್ಲ. ಕಾಯಿಲೆ ಜ್ವರದ ಹಾಗೆ ಬರಲಿಲ್ಲ. ಮೊದಲು ಹಾಡು ಹೋಯಿತು. ಆಮೇಲೆ ನಿದ್ದೆ. ಒಂದು ದಿನ ಒಗೆಯುವ ಕಲ್ಲಿನ ಪಕ್ಕ ನಿಂತಿದ್ದಳು, ಕೈಯಲ್ಲಿದ್ದ ಸಾಬೂನು ಕರಗಿ ಬೆರಳ ಸಂದಿಯಿಂದ ಇಳಿಯುತ್ತಿತ್ತು. ಕರೆದರೂ ತಿರುಗಲಿಲ್ಲ. ಇನ್ನೊಂದು ದಿನ ಶಾಲೆಯಿಂದ ಆಯಾ ಜೊತೆಗೆ ಮನೆಗೆ ಕಳಿಸಿದರು. ಬೋರ್ಡಿನ ಮೇಲೆ ಲೆಕ್ಕ ಬರೆದು, ಉತ್ತರ ಬರೆಯುವ ಜಾಗದಲ್ಲಿ ಚಾಕ್ ಇಟ್ಟುಕೊಂಡು ಗಂಟೆ ಹೊಡೆಯುವವರೆಗೂ ಹಾಗೆಯೇ ನಿಂತಿದ್ದಳಂತೆ. ಕೊನೆಗೆ ಅನ್ನ ಹೋಯಿತು. ತಟ್ಟೆಯ ಮುಂದೆ ಕೂರುತ್ತಿದ್ದಳು. ಕೈ ಮೇಲೇಳುತ್ತಿರಲಿಲ್ಲ. "ನನಗೆ ಕೊಡುವುದು ದಂಡ ಮಾಯ್" ಎನ್ನುತ್ತಿದ್ದಳು. ದುಃಖದಿಂದಲ್ಲ, ಪಾಠ ಹೇಳುವ ದನಿಯಲ್ಲಿ. ಆ ದನಿ ಕೇಳಿ ನನಗೆ ಹೆದರಿಕೆಯಾದಷ್ಟು ಯಾವ ಅಳು ಕೇಳಿಯೂ ಆಗಿಲ್ಲ.

ಡಾಕ್ಟರರು ಹೊಸದಾಗಿ ಬಂದ ಮಾತ್ರೆ ಕೊಟ್ಟರು. ಬಾಯಿ ಒಣಗಿತು, ಕೈ ನಡುಗಿತು, ಮನಸ್ಸು ಇದ್ದಲ್ಲೇ ಇತ್ತು. ಮಾತ್ರೆ ಹೆಚ್ಚಿಸಿದರು, ಬದಲಿಸಿದರು. ಮಳೆಗಾಲ ಬಂದು ಹೋಯಿತು.

ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರರ ಕೋಣೆಯೆದುರಿನ ಜಗಲಿಯ ಬಗ್ಗೆ ಹೇಳಲೇಬೇಕು. ಬೇರೆ ಡಾಕ್ಟರರ ಕೋಣೆಯೆದುರು ಜನ ತಮ್ಮ ತಮ್ಮ ಕಾಯಿಲೆಯ ಕಥೆ ಹೇಳಿಕೊಂಡು ಕೂರುತ್ತಾರೆ. ಇಲ್ಲಿ ಎಲ್ಲರೂ ಗೋಡೆ ನೋಡುತ್ತಿದ್ದರು. ಒಬ್ಬರು ಮಳೆ ಬೀಳದ ಮಾಡಿನ ಕೆಳಗೂ ಕೊಡೆ ಬಿಡಿಸಿಕೊಂಡು ಮುಖ ಮರೆಮಾಡಿ ಕೂರುತ್ತಿದ್ದರು. ಒಂದು ದಿನ ನನ್ನ ತರಗತಿಯ ಹುಡುಗಿಯೊಬ್ಬಳ ತಾಯಿ, ಗಂಡನ ಕೈ ಹಿಡಿದುಕೊಂಡು ಬಂದರು. ನಮ್ಮ ಕಣ್ಣುಗಳು ಕೂಡಿದವು. ಇಬ್ಬರೂ ಗೋಡೆಯ ಕಡೆ ತಿರುಗಿದೆವು. ಮುಂದಿನ ವಾರ ನಾವು ತಡವಾಗಿ ಹೋದಾಗ ಆಕೆ ಬೆಂಚಿನ ಮೇಲೆ ತನ್ನ ಚೀಲವಿಟ್ಟು ನಮಗೆ ಜಾಗ ಹಿಡಿದಿದ್ದರು. ಚೀಲ ತೆಗೆದರು, ಅಷ್ಟೇ. ಅಕ್ಕ ಕುಳಿತಳು. ಆ ವರ್ಷ ನಮಗೆ ಯಾರೂ ಅಷ್ಟು ದೊಡ್ಡ ಉಪಕಾರ ಮಾಡಲಿಲ್ಲ.

ಮಾತ್ರೆಯಿಂದ ಏನೂ ಆಗುತ್ತಿಲ್ಲವೆಂದು ಡಾಕ್ಟರರೇ ಒಪ್ಪಿಕೊಂಡರು. "ಹೀಗೆ ಊಟ ಬಿಟ್ಟರೆ ಹೆಚ್ಚು ಸಮಯ ಇಲ್ಲ. ಕರೆಂಟ್ ಟ್ರೀಟ್‌ಮೆಂಟ್ ಕೊಟ್ಟು ನೋಡುವ" ಎಂದರು.

ನಮ್ಮ ಮನೆಗೆ ಕರೆಂಟ್ ಬಂದು ಆಗ ಹೆಚ್ಚು ಕಾಲವಾಗಿರಲಿಲ್ಲ. ಮಾಯ್ ಒಣಬಟ್ಟೆ ಸುತ್ತಿದ ಬೆರಳಿನಿಂದಲೇ ಸ್ವಿಚ್ ಹಾಕುವವಳು.

"ತಲೆಗಾ?" ಎಂದಳು. "ಡಾಕ್ಟರೇ, ನಾನು ಬಲ್ಬಿಗೇ ಹೆದರ್ತೇನೆ."

"ನೀವು ಹೆದರಿ ಬಾಯಮ್ಮ, ತೊಂದರೆ ಇಲ್ಲ. ಕೊಡ್ಲಿಕ್ಕೆ ನಾನಿದ್ದೇನೆ."

ವಾರ್ಡಿನ ಹಿರಿಯ ಸಿಸ್ಟರ್ ನಮ್ಮವರೇ, ಕೊಂಕಣಿಯವರು. ಅವರು ಮಾಯ್‌ಳನ್ನು ಪಕ್ಕಕ್ಕೆ ಕರೆದು, ಅರ್ಥವಾಗುವಂತೆ ಬಿಡಿಸಿ ಹೇಳಿದರು: "ಬಾಯೆ, ಬರುವ ದಿನ ಬೆಳಿಗ್ಗೆ ಹೊಟ್ಟೆ ಖಾಲಿ ಇರಬೇಕು. ಕುಮ್ಗಾರ್ ತೆಗೊಳ್ಳಿಕ್ಕೆ ಹೋಗುವಾಗ ಹೇಗೆ ಇರ್ತೇವೆ, ಹಾಗೆ. ಗೊತ್ತಾಯ್ತಲ್ಲ?"

ಕುಮ್ಗಾರ್ ಎಂದರೆ ಪೂಜೆಯಲ್ಲಿ ಸ್ವೀಕರಿಸುವ ಪರಮಪ್ರಸಾದ. ಅದಕ್ಕೆ ಮುಂಚೆ ಉಪವಾಸ ಇರುವುದನ್ನು ನಮ್ಮ ಮಾಯ್‌ಗೆ ಯಾರೂ ಕಲಿಸಬೇಕಾಗಿರಲಿಲ್ಲ. "ಅದು ನನಗೆ ಬಿಡಿ ಸಿಸ್ಟರ್" ಎಂದಳು. ಆ ಇಡೀ ದಿನದಲ್ಲಿ ಅವಳು ಧೈರ್ಯದಿಂದ ಆಡಿದ ಮಾತು ಅದೊಂದೇ.

ಹಸನಬ್ಬ ಕಾಕನ ಹಳೆಯ ಕಾರಿನಲ್ಲಿ ಹೋಗುತ್ತಿದ್ದೆವು. ಮಾಯ್ ಅದನ್ನು ಹಿತ್ತಲ ಬಾಗಿಲಿಗೆ ತರಿಸುತ್ತಿದ್ದಳು. ನನಗೊಂದು ಸಂಬಂಧ ಬಂದಿತ್ತು, ಅಕ್ಕನ ಸುದ್ದಿ ಅವರ ಕಿವಿಗೆ ಬೀಳಬಾರದು ಎಂದು. ಸುದ್ದಿ ಬಿತ್ತು, ಸಂಬಂಧ ತಪ್ಪಿತು. ಆ ಹುಡುಗ ಆಮೇಲೆ ಎಂಥವನಾದ ಎಂದು ನೋಡಿದ್ದೇನೆ. ಅಕ್ಕನ ಕಾಯಿಲೆಗೆ ನಾನು ಋಣಿಯಾಗಿರುವ ವಿಷಯ ಇದೊಂದೇ. ಕಾಕ ಮಾತ್ರ ಒಂದು ಸಲವೂ ಎಲ್ಲಿಗೆ, ಯಾಕೆ ಎಂದು ಕೇಳಲಿಲ್ಲ. ಆಸ್ಪತ್ರೆಯ ಹಿಂದಿನ ಗೇಟಿನ ಬಳಿ ನಿಲ್ಲಿಸಿ ಬೀಡಿ ಹಚ್ಚುತ್ತಿದ್ದರು.

ಮೊದಲ ಕೆಲವು ಸಲ ನಾನು ಬಾಗಿಲ ಹೊರಗೆ ನಿಂತೆ. ಒಳಗಿಂದ ಹೆಚ್ಚಿನ ಸದ್ದೇನೂ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅಕ್ಕನನ್ನು ತಳ್ಳುಮಂಚದಲ್ಲಿ ತರುತ್ತಿದ್ದರು. ಎದ್ದಾಗ ತಲೆನೋವು. ಯಾವ ವಾರ, ಬೆಳಿಗ್ಗೆಯೋ ಸಂಜೆಯೋ ತಿಳಿಯದು. ಒಮ್ಮೆ ನನ್ನನ್ನು ನೋಡಿ "ನೀನು ಕಾಲೇಜಿಗೆ ಹೋಗ್ಲಿಲ್ವಾ ಸೆಲಿನ್?" ಎಂದಳು. ನಾನು ಬಿ.ಎ. ಮುಗಿಸಿ ಕೆಲಸಕ್ಕೆ ಸೇರಿ ಎಷ್ಟೋ ಕಾಲವಾಗಿತ್ತು. ಆದರೆ "ಹೋಗ್ಲಿಲ್ವಾ" ಎಂಬ ಆ ಮಾತಿನಲ್ಲಿ ಹಳೆಯ ಗದರಿಕೆ ಇತ್ತು! ಸತ್ತ ದನಿ ಅಲ್ಲ ಅದು. ನಾನು ಹೊರಗೆ ಹೋಗಿ ಅತ್ತೆ. ಆ ವಾರ ಅವಳು ಅಂಗಳದ ಕೋಳಿಯನ್ನು ಓಡಿಸಿದಳು. ನಮಗೆ ಅದೇ ಹಬ್ಬ.

ಆಮೇಲೆ ಆ ಬೆಳಿಗ್ಗೆ ಬಂತು.

ನಾವು ಒಳಗೆ ಹೋದಾಗ ಸಿಸ್ಟರ್, "ಆಯಾ ಒಬ್ಬಳು ರಜೆ, ಸೆಲಿನ್. ಕಾಲು ಹಿಡ್ಕೊಳ್ತೀಯಾ? ಒತ್ತಬೇಡ, ಮಂಚದಿಂದ ಜಾರದ ಹಾಗೆ ಹಿಡಿ ಸಾಕು" ಎಂದರು. ಆ ಕಾಲದಲ್ಲಿ ನಮ್ಮ ಕಡೆ ನಿದ್ದೆಯ ಮದ್ದು ಕೊಡದೆಯೇ ಇದನ್ನು ಮಾಡುತ್ತಿದ್ದುದು. ಅಕ್ಕನ ಹಲ್ಲಿನ ನಡುವೆ ಬಟ್ಟೆ ಸುತ್ತಿದ ರಬ್ಬರ್ ಇಟ್ಟರು. ಅವಳು ನನ್ನ ಕಡೆ ನೋಡಿದಳು. ಡಾಕ್ಟರರು ತಲೆಯಾಡಿಸಿದರು.

ಅವಳ ಕಾಲು ಮರದ ಹಾಗೆ ಸೆಟೆಯಿತು. ಆಮೇಲೆ ಅದುರತೊಡಗಿತು. ಆಮೇಲೆ ಸಡಿಲವಾಯಿತು. ಇದಿಷ್ಟು ಆಗಬೇಕಾದದ್ದೇ, ಸಿಸ್ಟರ್ ಮೊದಲೇ ಹೇಳಿದ್ದರು. ಆಗಬಾರದ್ದು ಆದದ್ದು ಅದರ ನಂತರ. ಗಂಟಲಿನಿಂದ ಬಾವಿಗೆ ಕೊಡಪಾನ ಇಳಿದ ಹಾಗೆ ಗುಳುಗುಳು ಸದ್ದು ಬಂತು. ಬಾಯಿಯಿಂದ, ಮೂಗಿನಿಂದ ಬೆಳ್ಳಗೆ ಏನೋ ಉಕ್ಕಿತು. ಎದೆ ಏಳಲಿಲ್ಲ. ತುಟಿ ನೇರಳೆಯಾಯಿತು, ಕಿವಿ ನೇರಳೆಯಾಯಿತು. "ತಿರುಗಿಸಿ, ಪಕ್ಕಕ್ಕೆ ತಿರುಗಿಸಿ!" ಎಂದು ಡಾಕ್ಟರರು ಕೂಗಿದರು. ಕೊಳವೆ ಹಾಕಿ ಎಳೆದರು, ಬೆನ್ನಿಗೆ ಗುದ್ದಿದರು, ಆಮ್ಲಜನಕ ಹಿಡಿದರು. ಸಿಸ್ಟರ್ "ಬಿಡು ಸೆಲಿನ್, ಕಾಲು ಬಿಡು" ಎನ್ನುತ್ತಿದ್ದರು. ಬಿಟ್ಟರೆ ಹೋಗಿಬಿಡುತ್ತಾಳೆ ಎಂದು ನನಗೆ ಅನಿಸಿತ್ತು. ಕಾಲು ತಣ್ಣಗಾಗುತ್ತಿರುವುದು ನನ್ನ ಕೈಗೆ ತಿಳಿಯುತ್ತಿತ್ತು. ಕೊನೆಗೆ, ಹರಿದ ಬಟ್ಟೆಯಂಥ ಒಂದು ಉಸಿರು ಬಂತು. ನಿಂತಿತು. ಇನ್ನೊಂದು ಬಂತು.

ಆ ಎರಡು ಉಸಿರುಗಳ ನಡುವಿನ ಹೊತ್ತಿಗೆ ನಾನು ಈಗಲೂ ಹೋಗಿಬರುತ್ತೇನೆ. ಬಸ್ಸಿನಲ್ಲಿ ಕೂತಿರುವಾಗ, ಪೂಜೆಯ ನಡುವೆ, ಮೀನು ತೊಳೆಯುವಾಗ.

ಡಾಕ್ಟರರು ಬೆವರು ಒರೆಸಿಕೊಂಡು ಹೊರಗೆ ಬಂದು ಮಾಯ್‌ಳನ್ನು ಕೇಳಿದರು: "ಬೆಳಿಗ್ಗೆ ಎಂತಾದ್ರೂ ಕೊಟ್ಟಿದ್ರಾ ಬಾಯಮ್ಮ?"

"ದೇವರಾಣೆ ಇಲ್ಲ ಡಾಕ್ಟರೇ. ಸಿಸ್ಟರ್ ಹೇಳಿದ ಹಾಗೆಯೇ ಇಟ್ಟದ್ದು. ಕುಮ್ಗಾರ್‌ನ ಹಾಗೆ."

"ಹೌದು ಡಾಕ್ಟರ್, ನಾನೇ ಹೇಳಿದ್ದೆ" ಎಂದರು ಸಿಸ್ಟರ್.

ಮಾಯ್ ಸುಳ್ಳು ಹೇಳುವವಳಲ್ಲ. ಅವಳ ಮುಖ ನೋಡಿದ ಯಾರೂ ಮತ್ತೆ ಕೇಳುವಂತಿರಲಿಲ್ಲ. ಹಾಗಾದರೆ ಇದು ಕರೆಂಟಿನದೇ ಕೆಲಸ ಎಂದು ಎಲ್ಲರಿಗೂ ಅನಿಸಿತು. ಡಾಕ್ಟರರಿಗೂ ಕರೆಂಟಿನ ಮೇಲೆಯೇ ಅನುಮಾನ ಹತ್ತಿತು.

ಅಕ್ಕನ ಎದೆಯಲ್ಲಿ ಕಫ ಕಟ್ಟಿ ಜ್ವರ ಏರಿತು. ಬಹಳ ದಿನ ಆಸ್ಪತ್ರೆಯಲ್ಲೇ ಇದ್ದಳು. ಜ್ವರ ಬಿಟ್ಟಿತು. ಮನೆಗೆ ಬಂದ ಮೇಲೆ ಹಳೆಯದು ಮೆಲ್ಲಗೆ ವಾಪಸು ಬಂತು. ಮಾತು ಹೋಯಿತು. ತಟ್ಟೆಯ ಮುಂದೆ ಮತ್ತೆ ಆ ಕೈ ಏಳದೆ ಉಳಿಯಿತು. ಕೋಳಿ ಅಂಗಳ ದಾಟಿ ಮನೆಯೊಳಗೇ ಬಂದರೂ ಅವಳು ನೋಡುತ್ತಿರಲಿಲ್ಲ.

ಪಕ್ಕದ ಮನೆಯ ಕಾರ್ಮಿನ್‌ಬಾಯಿ ಜಪಸರ ಹಿಡಿದುಕೊಂಡೇ ಬರುತ್ತಿದ್ದರು. "ನಾನು ಅವತ್ತೇ ಹೇಳಿದೆ. ತಲೆಗೆ ಕರೆಂಟ್ ಕೊಡುವುದು ದೇವರಿಗೆ ಆಗುವ ಕೆಲಸವಾ? ಹರಕೆ ಹೊತ್ತುಕೋ, ಸಾಕು."

"ಹರಕೆ ಹೊತ್ತೂ ಆಯ್ತು ಬಾಯೆ" ಎಂದೆ ನಾನು. "ದೇವರೂ ನಮ್ಮ ಜೊತೆ ಜಗಲಿಯಲ್ಲೇ ಕಾಯ್ತಾ ಇದ್ದಾನೆ."

"ಇವಳ ನಾಲಿಗೆ ನೋಡು! ಬಿ.ಎ. ಓದಿಸಿದ್ದಕ್ಕೆ ಇದಾ?"

ಮಾಯ್ ನಡುವೆ ಬಂದು, ಇನ್ನೆಂದೂ ಆ ಕೋಣೆಗೆ ಮಗಳನ್ನು ಕಳಿಸುವುದಿಲ್ಲವೆಂದು ದೇವರ ಪಟದ ಮುಂದೆ ಮಾತು ಕೊಟ್ಟಿರುವುದಾಗಿ ಹೇಳಿದಳು. ನಾನು ಡಾಕ್ಟರರ ಹತ್ತಿರ ಒಬ್ಬಳೇ ಹೋದೆ. "ಮನೆಯವರು ಒಪ್ಪದೆ ನಾನು ಮುಟ್ಟುವುದಿಲ್ಲ" ಎಂದರು. ನನ್ನ ಎದೆಯೊಳಗೂ ಆ ನೇರಳೆ ತುಟಿ ಇತ್ತು. ಒತ್ತಾಯ ಮಾಡುವ ಧೈರ್ಯ ನನಗೂ ಇರಲಿಲ್ಲ. ಅಕ್ಕ ದಿನದಿನಕ್ಕೆ ತೆಳ್ಳಗಾಗುತ್ತಿದ್ದಳು. ಬಳೆ ಮೊಣಕೈವರೆಗೆ ಏರುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಅಡುಗೆಮನೆಗೆ ಹೋದೆ. ಮಾಯ್ ಪೂಜೆಗೆ ಸೀರೆಯುಟ್ಟು ತಯಾರಾಗಿ, ಒಲೆಯ ಬಳಿ ನಿಂತು ಲೋಟದಿಂದ ಏನೋ ಕುಡಿಯುತ್ತಿದ್ದಳು. ಕುಚ್ಚಲಕ್ಕಿ ಗಂಜಿಯ ತಿಳಿ, ಚಿಟಿಕೆ ಉಪ್ಪು ಹಾಕಿದ್ದು. ಕುಡಿಯುತ್ತಾ ಗೋಡೆಯ ಗಡಿಯಾರ ನೋಡುತ್ತಿದ್ದಳು.

"ಮಾಯ್, ಕುಮ್ಗಾರ್ ತೆಗೊಳ್ಳುವುದಿಲ್ವಾ ಇವತ್ತು?"

"ತೆಗೊಳ್ತೇನೆ. ಯಾಕೆ?"

"ಗಂಜಿ ಕುಡಿತಾ ಇದ್ದೀಯಲ್ಲ."

"ಗಂಜಿ ಎಲ್ಲಿ ಕುಡಿದೆ? ತಿಳಿ ಇದು. ಬಟ್ಟೆಯಲ್ಲಿ ಸೋಸಿದ್ದೇನೆ, ಒಂದು ಅಗುಳಿಲ್ಲ. ಒಂದು ಗಂಟೆ ಮೊದಲು ಕುಡಿಯಬಹುದು ಅಂತ ಪಾದ್ರಿಗಳೇ ಹೇಳಿದ್ದಲ್ವಾ? ಈಗ ಹೊಸ ನಿಯಮ."

ನಿಜ. ನಾವು ಚಿಕ್ಕವರಿರುವಾಗ ಪರಮಪ್ರಸಾದಕ್ಕೆ ನಡುರಾತ್ರಿಯಿಂದ ನೀರೂ ಕುಡಿಯುತ್ತಿರಲಿಲ್ಲ. ಆಮೇಲೆ ನಿಯಮ ಸಡಿಲವಾಯಿತು. ಊಟಕ್ಕಾದರೆ ಮೂರು ಗಂಟೆ, ಕುಡಿಯುವ ಪದಾರ್ಥಕ್ಕಾದರೆ ಒಂದು ಗಂಟೆ ಅಂತರವಿದ್ದರೆ ಸಾಕು. ಮಾಯ್ ಹೊಸ ನಿಯಮವನ್ನು ಹಳೆಯದರಷ್ಟೇ ಶ್ರದ್ಧೆಯಿಂದ, ಗಡಿಯಾರ ನೋಡಿಯೇ ಪಾಲಿಸುತ್ತಿದ್ದಳು.

ನನ್ನ ಕೈ ಬಿಗಿದುಕೊಂಡಿತು. "ಆ ದಿನ ಎಮಿಬಾಯಿಗೆ?"

"ಎಂತ ಆ ದಿನ?"

"ಆಸ್ಪತ್ರೆಗೆ ಹೋದ ದಿನ. ಅವಳಿಗೂ ತಿಳಿ ಕೊಟ್ಟಿದ್ಯಾ?"

"ಕೊಟ್ಟೆ" ಎಂದಳು ಮಾಯ್. "ಮೊದಲೆಲ್ಲ ಅವಳು ಕೇಳ್ತಾ ಇರಲಿಲ್ಲ, ನಾನೂ ಕೊಡ್ತಾ ಇರಲಿಲ್ಲ. ಅವತ್ತು ಅವಳೇ ಇಲ್ಲಿಗೆ ಬಂದು ಕೇಳಿದ್ದು. 'ಮಾಯ್, ಹಸಿವಾಗ್ತದೆ' ಅಂದಳು. ಎಷ್ಟು ತಿಂಗಳಾಗಿತ್ತು ಸೆಲಿನ್ ಆ ಮಾತು ಕೇಳಿ! ಅನ್ನ ಕೊಡುವ ಹಾಗಿಲ್ಲ ಮಗಾ, ತಿಳಿ ಕುಡಿ ಅಂದೆ. ಎರಡು ಲೋಟ ಕುಡಿದಳು. ಗಂಟೆ ನೋಡಿಯೇ ಕೊಟ್ಟದ್ದು ನಾನು..."

ಅವಳ ಮಾತು ನಿಧಾನವಾಯಿತು. ನನ್ನ ಮುಖ ನೋಡಿದಳು, ಕೈಯಲ್ಲಿದ್ದ ಲೋಟ ನೋಡಿದಳು. ಅಕ್ಕನ ಹೊಟ್ಟೆಯಿಂದ ಉಕ್ಕಿ ಉಸಿರಿಗೆ ಅಡ್ಡವಾದ ಆ ಬೆಳ್ಳಗಿನದು ಏನೆಂದು ಆಗ ನಮ್ಮಿಬ್ಬರಿಗೂ ತಿಳಿಯಿತು.

ಮಾಯ್ ನೆಲಕ್ಕೆ ಕುಸಿದಳು. "ನಾನಾ? ನಾನಾ ಕೊಲ್ಲಲಿಕ್ಕೆ ಹೊರಟದ್ದು?" ಎಂದು ಎದೆ ಬಡಿದುಕೊಂಡಳು. ನಾನು ಅವಳನ್ನು ಸಮಾಧಾನ ಮಾಡಲಿಲ್ಲ. ತಪ್ಪು ಕರೆಂಟಿನದಲ್ಲ ಎಂಬುದಷ್ಟೇ ನನ್ನ ತಲೆಯಲ್ಲಿ ಹೊಡೆದುಕೊಳ್ಳುತ್ತಿತ್ತು. ಅದು ಕೆಲಸ ಮಾಡಿತ್ತು. ಮಾಡಿದ್ದಕ್ಕೇ ಹಸಿವಾದದ್ದು.

ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಅಳು ಕೇಳಿ ಎದ್ದು ಬಂದಿರಬೇಕು. ತನ್ನಷ್ಟಕ್ಕೆ ಹಾಸಿಗೆಯಿಂದ ಎದ್ದು ಬಂದು ಆಗ ಬಹಳ ದಿನವಾಗಿತ್ತು. ಬಾಗಿಲ ಚೌಕಟ್ಟು ಹಿಡಿದುಕೊಂಡು, ಒಂದೊಂದೇ ಪದ ಹುಡುಕಿ ತೆಗೆದ ಹಾಗೆ ಹೇಳಿದಳು:

"ಆಸ್ಪತ್ರೆಯದ್ದು ನನಗೆ ಎಂತದೂ ನೆನಪಿಲ್ಲ. ಕಾರಿನದ್ದೂ ಇಲ್ಲ. ಹಸಿವಾದದ್ದು ನೆನಪುಂಟು. ಇಲ್ಲಿ, ಈ ಒಲೆಯ ಹತ್ತಿರ." ಮತ್ತೆ ಹೇಳಿದಳು: "ನನಗೆ ಅದು ಇನ್ನೊಮ್ಮೆ ಬೇಕು ಮಾಯ್."

"ಬೇಡ ಮಗಾ. ನಾನು ಮಾತು ಕೊಟ್ಟಿದ್ದೇನೆ."

"ನೀನು ಕೊಟ್ಟದ್ದಲ್ವಾ? ನಾನು ಕೊಟ್ಟಿಲ್ಲ."

ಅಂದು ಮಾಯ್ ಪೂಜೆಗೆ ಹೋಗಲಿಲ್ಲ. ಸಂಜೆ ಪಾದ್ರಿಗಳನ್ನು ಕಂಡು ತನ್ನ ಮಾತನ್ನು ಬಿಡಿಸಿಕೊಂಡು ಬಂದಳು. ಅವರು ಏನೆಂದರು ಎಂದು ಕೇಳಿದೆ. "'ಮಗಳನ್ನು ಕರಕೊಂಡು ಹೋಗಿ ಬಾಯೆ, ದೇವರ ಹತ್ತಿರ ನಾನು ಮಾತಾಡ್ತೇನೆ' ಅಂದರು" ಎಂದಳು.

ವಿಷಯ ಕೇಳಿದ ಸಿಸ್ಟರ್ ಶಿಲುಬೆಯ ಗುರುತು ಮಾಡಿಕೊಂಡರು. "ನನ್ನ ತಲೆಯಲ್ಲಿ ಇದ್ದದ್ದು ಹಳೆಯ ಉಪವಾಸ ಬಾಯೆ. ನೀರೂ ಇಲ್ಲದ್ದು" ಎಂದು ಮಾಯ್‌ಳ ಕೈ ಹಿಡಿದುಕೊಂಡರು. ಇಬ್ಬರು ಭಕ್ತೆಯರು ಜಗಲಿಯಲ್ಲಿ ಎಲ್ಲರೆದುರೇ ಅತ್ತರು. ಕೊಡೆಯ ಮನುಷ್ಯ ಕೊಡೆ ಸ್ವಲ್ಪ ತಗ್ಗಿಸಿ ನೋಡಿದರು. ಅಂದಿನಿಂದ ಸಿಸ್ಟರ್ ಯಾರಿಗೂ ಯಾವ ಹೋಲಿಕೆಯನ್ನೂ ಕೊಟ್ಟದ್ದಿಲ್ಲ. "ನಾಲಿಗೆಗೆ ಒಂದು ಹನಿ ತಾಗಬಾರದು. ಉಗುಳು ನುಂಗಿ, ಅಷ್ಟೇ" ಎನ್ನುತ್ತಿದ್ದರು. ಡಾಕ್ಟರರು ಈ ಸಲ ಅರಿವಳಿಕೆಯ ವೈದ್ಯರೊಬ್ಬರನ್ನು ಕರೆಸಿ ಅಕ್ಕನನ್ನು ಮಲಗಿಸಿಯೇ ಮಾಡುವುದಾಗಿ ಹೇಳಿದರು.

ಹೋಗುವ ಬೆಳಿಗ್ಗೆ ಮಾಯ್ ಒಲೆ ಹಚ್ಚಲಿಲ್ಲ. ಅಡುಗೆಮನೆಗೆ ಬೀಗ ಹಾಕಿ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನೀರಿನ ಹಂಡೆಯ ಮುಂದೆ ಮಣೆ ಹಾಕಿ ಕುಳಿತಳು. ಬಾವಿಯ ಹಗ್ಗವನ್ನೂ ಬಿಚ್ಚಿ ತಂದಿದ್ದಳು. ನನಗೆ ನಗು ಬಂತು. "ನಗಬೇಡ. ನಿನಗೂ ನೀರಿಲ್ಲ" ಎಂದಳು.

ಹಸನಬ್ಬ ಕಾಕನ ಕಾರು ಎಂದಿನಂತೆ ಹಿತ್ತಲಿಗೆ ಬಂತು. ಮಾಯ್ ಹೊರಗೆ ಹೋಗಿ, "ಎದುರು ಬಾಗಿಲಿಗೆ ತನ್ನಿ" ಎಂದಳು.

ಕಾಕ ಬೀಡಿ ಬಿಸಾಡಿದರು. "ಎದುರಿಗಾ ಬಾಯಮ್ಮ? ಬೀದಿಯವರು ಎಲ್ಲ ನೋಡ್ತಾರೆ."

"ನೋಡ್ಲಿ."

"ಹಾಗಾದ್ರೆ ಹಾರ್ನ್ ಹೊಡೀಲಾ?"

"ಹೊಡೀರಿ."

ಹೊಡೆದರು. ಮದುವೆಗೆ ಹೊರಟ ಹಾಗೆ ಹೊಡೆದರು. ಕಾರ್ಮಿನ್‌ಬಾಯಿ ಕಿಟಕಿಗೆ ಬಂದರು. ಅಕ್ಕ ಎದುರು ಬಾಗಿಲಿನಿಂದ, ನನ್ನ ಭುಜ ಹಿಡಿದುಕೊಂಡು, ಮೆಟ್ಟಿಲಿಳಿದು ಕಾರು ಹತ್ತಿದಳು.

ಕಾಲು ಹಿಡಿಯಲು ಈ ಸಲ ನನ್ನನ್ನು ಕರೆಯಲಿಲ್ಲ. ಬಾಗಿಲ ಹೊರಗೆ ನಿಂತೆ. ಹೆದರಿಕೆ ಇರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಬೆರಳುಗಳು ಗಾಳಿಯಲ್ಲೇ ಏನನ್ನೋ ಹಿಡಿದುಕೊಂಡಿದ್ದವು. ಬೆಂಚಿನ ಮೇಲಿದ್ದ ನನ್ನ ವಿದ್ಯಾರ್ಥಿನಿಯ ತಾಯಿ ಎದ್ದು ಬಂದು, ಆ ಕೈಯೊಳಗೆ ತನ್ನ ಕೈ ಇಟ್ಟರು. "ಹಿಡ್ಕೊಳ್ಳಿ ಟೀಚರ್" ಎಂದರು. ಹಿಡಿದುಕೊಂಡೆ.

ಅಕ್ಕನನ್ನು ಹೊರಗೆ ತಂದರು. ತುಟಿ ನೋಡಿದೆ. ಕೆಂಪಾಗಿತ್ತು.

ಒಂದೇ ದಿನದಲ್ಲಿ ಏನೂ ಆಗಲಿಲ್ಲ. ಮತ್ತೆ ಹೋದೆವು, ಮತ್ತೆ ಹೋದೆವು. ಪ್ರತಿ ಸಲವೂ ಎದುರು ಬಾಗಿಲು, ಪ್ರತಿ ಸಲವೂ ಹಾರ್ನ್. ಹೀಗೊಂದು ದಿನ ವಾರ್ಡಿನಲ್ಲಿ ಎಚ್ಚರವಾದಾಗ ಅಕ್ಕ ತಲೆಯ ಮೇಲಿನ ಮಾಡನ್ನು ನೋಡಿದಳು, ನನ್ನನ್ನು ನೋಡಿದಳು. ನನ್ನ ಹೆಸರು ಅವಳಿಗೆ ತಕ್ಷಣ ಸಿಗಲಿಲ್ಲ.

"ನೀನು... ಇರಲಿ, ಆಮೇಲೆ ಹೇಳ್ತೇನೆ" ಎಂದಳು. "ತಿನ್ನಲಿಕ್ಕೆ ಎಂತ ಉಂಟು?"

ಮಾಯ್ ಚೀಲದಿಂದ ಬುತ್ತಿಪಾತ್ರೆ ತೆಗೆದಳು. ಮುಚ್ಚಳ ತೆಗೆಯದೆ ಎದೆಗೆ ಒತ್ತಿಕೊಂಡು, ಸಿಸ್ಟರ್ ಕಡೆ ತಿರುಗಿದಳು. "ಈಗ ಕೊಡಬಹುದಾ?"

"ಸ್ವಲ್ಪ ತಡೀರಿ ಬಾಯೆ, ಪೂರ್ತಿ ಎಚ್ಚರ ಆಗ್ಲಿ."

ಮಾಯ್ ಕಾದಳು. ಹಾಗೆಯೇ ನಿಂತು ಕಾದಳು. ಸಿಸ್ಟರ್ ತಲೆಯಾಡಿಸಿದ ಮೇಲೆ ಗಂಜಿ ಬಡಿಸಿದಳು, ಅಗುಳು ಸಮೇತ, ಬದಿಗೆ ಉಪ್ಪಿನಕಾಯಿ. ಅಕ್ಕ ತನ್ನ ಕೈಯಿಂದಲೇ ಉಂಡಳು.

ಇದನ್ನು ಬರೆಯುವ ಹೊತ್ತಿಗೆ ಅವಳು ಮತ್ತೆ ಲೆಕ್ಕದ ಟೀಚರು. ಎಲ್ಲವೂ ಸರಿಯಾಯಿತು ಎಂದು ನಾನು ಹೇಳುವುದಿಲ್ಲ. ಆ ಕಾಲದ ಕೆಲವು ತಿಂಗಳು ಅವಳ ತಲೆಯಿಂದ ಹೋಗಿವೆ. ಯಾರದ್ದೋ ಮದುವೆಗೆ ಹೋದದ್ದು, ಒಂದೆರಡು ಹಾಡು. ಒಮ್ಮೆ ಕತ್ತಲೆ ಮರಳಿ ಬಂದಿತ್ತು, ಆಗಲೂ ಕಾರು ಎದುರು ಬಾಗಿಲಿಗೇ ಬಂತು. ನಿಮ್ಮ ಮನೆಯಲ್ಲಿಯೂ ಗೋಡೆ ನೋಡುತ್ತಾ ಕೂತವರು ಇದ್ದರೆ, ಬೆಂಚಿನ ಮೇಲೆ ಅವರಿಗೊಂದು ಜಾಗ ಹಿಡಿದಿಡಿ. ಉಳಿದದ್ದನ್ನು ಡಾಕ್ಟರರನ್ನು ಕೇಳಿ. ಎರಡು ಸಲ ಕೇಳಿ, ಬಿಡಿಸಿ ಕೇಳಿ.

ಮೊನ್ನೆ ಇಗರ್ಜಿಯ ಮೆಟ್ಟಿಲ ಮೇಲೆ ಕಾರ್ಮಿನ್‌ಬಾಯಿ, ಹೊಸದಾಗಿ ಬಂದ ಯಾರಿಗೋ ನಮ್ಮ ಕಥೆ ಹೇಳುತ್ತಿದ್ದರು, ದನಿ ತಗ್ಗಿಸಿ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಅವರ ಮುಂದೆ ಹೋಗಿ ನಿಂತಳು.

"ಮೆಲ್ಲ ಯಾಕೆ ಹೇಳ್ತೀರಿ ಬಾಯೆ? ಕರೆಂಟ್ ಕೊಟ್ಟರು. ನನಗೆ ಹಸಿವಾಯ್ತು" ಎಂದಳು. ಆಮೇಲೆ ನಕ್ಕಳು. ಆ ನಗು ಹಸನಬ್ಬ ಕಾಕನ ಅಂಗಡಿಯವರೆಗೂ ಕೇಳಿಸಿರಬೇಕು.